ಕೆರೆ ಏರಿ ಮೇಲೆ ಕೂಗಬೇಡ

ರವೀಂದ್ರ,

ಅವ್ವ ಮನೆಯಲ್ಲಿಲ್ಲ. ಹುಡುಕಲು ಕೆರೆಗೆ ಓಡುತ್ತಿದ್ದೇನೆ. ಫೋನ್ ಬಿಟ್ಟು ಕುರಿ ಹಿಂದೆ ಹೋಗಬೇಡ ಅಂತ ನಿನಗೆ ಎಷ್ಟು ಸಲ ಹೇಳಲಿ?

ಬೆಳಿಗ್ಗೆ ನೀನು ಕುರಿಗಳನ್ನು ಕೂಗಿ ಕರೆದದ್ದು ಕೇಳಿ ಅವ್ವ, "ನಿಮ್ಮಪ್ಪ ಕರೀತಾ ಅವ್ರೆ ಕಣೆ" ಅಂದಳು. ಅಪ್ಪ ಆ ಕೆರೆಯಲ್ಲಿ ಮುಳುಗಿ ಸತ್ತು ಇಪ್ಪತ್ತು ದಿನವಾಯಿತು ಅಂತ ನೆನಪಿಸದೆ ಕೊಡ ಎತ್ತಿಕೊಂಡು ಹೊರಟೆ. ನಲ್ಲಿ ನೀರು ಹಿಡಿದು ಬರುವಷ್ಟರಲ್ಲಿ ಅವಳೂ ಇಲ್ಲ, ಅಪ್ಪನ ಕಂಬಳಿಯೂ ಇಲ್ಲ.

ಅವಳೇ ಮೊದಲು ಬಂದರೆ ಬೈಯಬೇಡ. ಒಲೆ ಮೇಲಿನ ಅಂಬಲಿ ಕುಡಿಸಿ ನನಗೆ ಫೋನ್ ಮಾಡು. ಮಧ್ಯಾಹ್ನದೊಳಗೆ ನಾವು ಬಾರದಿದ್ದರೆ ಪಕ್ಕದ ಮನೆ ಪಾಪಣ್ಣಮಾವನನ್ನು ಕರೆದುಕೊಂಡು ಬಾ.

ಮಾವನೇ ಕೂಗಲಿ. ಏರಿ ಮೇಲೆ ನಿಂತು ನೀನು ಮಾತ್ರ ಬಾಯಿ ಬಿಡಬೇಡ. ನಿನ್ನದು ಥೇಟ್ ಅಪ್ಪನ ದನಿ ಕಣೋ. ಅವಳು ನೀರಿನ ಹತ್ತಿರ ಇದ್ದರೆ, ಅಪ್ಪನೇ ಕರೆದ ಅಂದುಕೊಂಡಾಳು.

ಅಕ್ಕ ಯಶೋದಾ