ಟಾಕಿ ಮುಚ್ಚಳದ ವಿಭೂತಿ

ಸಿಂದಗಿ
೧೪-೫-೧೯೭೪

ಪ್ರೀತಿಯ ಸೊಸೆ ರೇಣವ್ವಳಿಗೆ ನಿನ್ನ ಮಾವ ಶ್ರೀಶೈಲಪ್ಪನ ಆಶೀರ್ವಾದಗಳು.

ಹೇಗಿದ್ದೀ ತಂಗಿ? ನಿಮ್ಮ ನಾಲತವಾಡದ ಬಿಸಿಲೂ ಕಡಿಮೆಯದಲ್ಲ, ಮಧ್ಯಾಹ್ನ ಹೊರಗೆ ತಿರುಗಬೇಡ. ನಿನ್ನ ತಾಯಿಯ ಮೊಣಕಾಲು ನೋವು ಹೇಗಿದೆ? ನಾವಿಲ್ಲಿ ಆರಾಮ ಎಂದು ಬರೆಯುವುದು ರೂಢಿ, ಈ ಸಲ ಹಾಗೆ ಬರೆಯಲು ಮನಸ್ಸು ಬರುತ್ತಿಲ್ಲ. ನಾನು ದಣಿದಿದ್ದೇನೆ. ನಿನ್ನ ಗಂಡ ಬಸಣ್ಣ ನೀನು ಹೋದಾಗಿನಿಂದ ನಮ್ಮ ಜೊತೆ ಕುಳಿತು ಉಂಡಿಲ್ಲ. ಬಾಡಿಗೆ ಇಲ್ಲದ ಹೊತ್ತಿನಲ್ಲೂ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ ಇರುತ್ತಾನೆ.

ಆ ಕಾರಿನ ಸುದ್ದಿಯನ್ನೇ ಬರೆಯಬೇಕಾಗಿದೆ, ಬೇಸರಿಸದೆ ಓದು. ಮದುವೆ ಮುಗಿಸಿ ನಿನ್ನನ್ನು ಮನೆಗೆ ತಂದದ್ದು ಅದರಲ್ಲೇ. ಅದು ಹಾದಿಯಲ್ಲಿ ನಿಲ್ಲಲು ಶುರು ಮಾಡಿದ್ದೂ ಆ ವಾರದಿಂದಲೇ, ಅದು ಸುಳ್ಳಲ್ಲ. ಚಲೋ ಓಡುತ್ತಿದ್ದ ಗಾಡಿ ದೇವಣಗಾಂವ ಮುಟ್ಟುವುದರೊಳಗೆ ಕೆಮ್ಮುವುದು, ಜಗ್ಗುವುದು, ನಿಂತುಬಿಡುವುದು. ಬೇವಿನ ನೆರಳಿಗೆ ಸ್ವಲ್ಪ ಕುಳಿತೆದ್ದರೆ ಏನೂ ಆಗಿಲ್ಲವೆನ್ನುವಂತೆ ಮತ್ತೆ ಚಾಲೂ. ಎಂಜಿನ್ನಿಗೆ ಪೆಟ್ರೋಲು ಮುಟ್ಟುತ್ತಿಲ್ಲ ಎಂಬುದು ತಿಳಿಯಿತು, ಎಲ್ಲಿ ತಡೆಯುತ್ತಿದೆ ಎಂಬುದು ತಿಳಿಯಬೇಕಲ್ಲ. ಕಾರ್ಬೊರೇಟರ್ ಬಿಚ್ಚಿ ತೊಳೆದೆವು. ಪಂಪಿನೊಳಗಿನ ರಬ್ಬರು ಬದಲಿಸಿದೆವು. ಬಿಸಿಲಿಗೆ ಕಾಯುತ್ತಿದೆಯೆಂದು ಪಂಪಿನ ಮೇಲೆ ಹಸಿ ಅರಿವೆ ಹೊದಿಸಿದೆವು. ಪೈಪಿಗೆ ಬಾಯಿ ಹಚ್ಚಿ ಊದಿ ಊದಿ ಬಸಣ್ಣನಿಗೆ ರೊಟ್ಟಿಯೂ ಪೆಟ್ರೋಲು ನಾರುತ್ತಿತ್ತು. ಏನು ಮಾಡಿದರೂ ಅದರ ಹಟ ಅದಕ್ಕೆ.

ನಿನ್ನ ಅತ್ತೆ ಕಸ್ತೂರೆವ್ವ ಬೇರೆಯದೇ ಕಾರಣ ಹುಡುಕಿದಳು. ಬಾವಿಯ ಹತ್ತಿರ ಓಣಿಯ ಹೆಂಗಸರೆಲ್ಲರ ಎದುರು "ಈಕಿ ಮನಿಯಾಗ ಕಾಲಿಟ್ಟಾಗಿಂದ ಗಾಡಿ ಕೆಟ್ಟೇತಿ, ಮುಂದ ಇನ್ನ ಏನೇನು ನೋಡಬೇಕೋ" ಅಂದಳು. ನೀನು ತುಂಬಿದ ಕೊಡ ಅಲ್ಲೇ ಬಿಟ್ಟು ಬಂದೆ. ಮರುದಿನ ಅಣ್ಣನನ್ನು ಕರೆಸಿಕೊಂಡು ತವರಿಗೆ ಹೊರಟೆ. "ಅತ್ತ್ಯಾರು ಆ ಮಾತು ತಪ್ಪೈತಿ ಅನ್ನೂತನಕ ನಾ ಬರಂಗಿಲ್ರಿ ಮಾವಾರ" ಎಂದೆ. ನಿನ್ನದು ಹೆಚ್ಚಾಯಿತು ಎಂದು ನನಗೆ ಅಂದೂ ಅನ್ನಿಸಲಿಲ್ಲ.

ಮೊನ್ನೆ ಬಸವನ ಬಾಗೇವಾಡಿಗೆ ಬಾಡಿಗೆ ಹೋಗಿದ್ದೆವು. ಊರು ಇನ್ನೂ ದೂರವಿರುವಾಗಲೇ ಗಾಡಿ ನಿಂತಿತು. ಪೆಟ್ರೋಲು ತೋರಿಸುವ ಮುಳ್ಳು ಕೆಟ್ಟು ಎಷ್ಟೋ ಕಾಲವಾಗಿದೆಯಲ್ಲ, ಕಡ್ಡಿ ಅದ್ದಿ ನೋಡೋಣವೆಂದು ಬಸಣ್ಣ ಪೆಟ್ರೋಲು ಟಾಕಿಯ ಮುಚ್ಚಳ ತಿರುವಿದ. ಒಳಗೆ ಸುಂಯ್ ಎಂದು ಗಾಳಿ ಎಳೆದುಕೊಂಡಿತು. ಕಿಲ್ಲಿ ತಿರುವಿದರೆ ಗಾಡಿ ಚಾಲೂ. ಮುಚ್ಚಳ ಬಿಗಿದು ಹೋದರೆ ಮುಂದೆ ಮತ್ತೆ ನಿಂತಿತು. ಸಡಿಲ ಮಾಡಿದರೆ ಓಡಿತು. ಆ ಮುಚ್ಚಳಕ್ಕೊಂದು ಸೂಜಿಯಷ್ಟು ತೂತು ಇರುತ್ತದೆ ತಂಗಿ. ಪೆಟ್ರೋಲು ಇಳಿದಂತೆ ಅದರಿಂದ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಪಂಪು ಎಷ್ಟು ಜಗ್ಗಿದರೂ ಪೆಟ್ರೋಲು ಬರುವುದಿಲ್ಲ. ಆ ತೂತಿನ ತುಂಬ ವಿಭೂತಿ ಕಲ್ಲಾಗಿ ಕುಳಿತಿತ್ತು.

ಬಳಿದವಳು ನಿನ್ನ ಅತ್ತೆಯೇ. ನಿನ್ನನ್ನು ತಂದ ದಿನ ಗಾಡಿಗೆ ಪೂಜೆ ಮಾಡಿ, "ಗಾಡಿ ಹೊಟ್ಟಿ ಇರೂದು ಅಲ್ಲೆ, ಅಲ್ಲೇ ಹಚ್ಚಬೇಕು" ಎಂದು ವಿಭೂತಿ ಕಲಸಿ ಆ ಮುಚ್ಚಳಕ್ಕೇ ಎಳೆದಿದ್ದಳು. ಗಾಡಿ ನಿಂತಷ್ಟೂ ಭಕ್ತಿ ಹೆಚ್ಚಾಗಿ, ಅಮಾವಾಸ್ಯೆಗೊಮ್ಮೆ ಮತ್ತಷ್ಟು ದಪ್ಪಗೆ ಬಳಿದಳು. ಬಸಣ್ಣ ಮುಚ್ಚಳ ತಂದು ಅವಳ ಮುಂದೆಯೇ ಸೂಜಿಯಿಂದ ತೂತು ಬಿಡಿಸಿದ. ಅವಳು ಅಂದು ಉಣ್ಣಲಿಲ್ಲ. ಬಯ್ಯಬೇಕೆಂದಿದ್ದೆ, ನನಗೂ ತ್ರಾಣ ಉಳಿದಿರಲಿಲ್ಲ. ಈಗ ಗಾಡಿ ಎಲ್ಲೂ ನಿಲ್ಲುತ್ತಿಲ್ಲ. ಆದರೂ ಮನೆಯಲ್ಲಿ ಯಾರ ಮುಖದಲ್ಲೂ ಗೆಲುವಿಲ್ಲ. ಬಾ ಎಂದು ಹೇಳಲು ನನಗೆ ಬಾಯಿಲ್ಲ, ನಡೆದದ್ದು ನಿನಗೆ ತಿಳಿಯಲೆಂದು ಬರೆದೆ.

ನಿನ್ನ ತಂದೆತಾಯಿಗೆ ನನ್ನ ಶರಣು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಒಳಿತನ್ನೇ ಬಯಸುವ ಮಾವ,
ಶ್ರೀಶೈಲಪ್ಪ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಪಕ್ಕದ ಮನೆಯ ಚಂದವ್ವ ಓಡಿ ಬಂದಳು. ನಿನ್ನ ಅತ್ತೆ ಈಗಷ್ಟೇ ಅದೇ ಬಾವಿಯ ಹತ್ತಿರ, ಅದೇ ಹೆಂಗಸರ ಎದುರು, "ತಪ್ಪು ನಂದೈತಿ. ನಮ್ಮ ರೇಣವ್ವಗ ಸುಮ್ನ ಕೆಟ್ಟ ಹೆಸರಿಟ್ಟೆ" ಅಂದಳಂತೆ. ಹೇಳೆಂದು ಯಾರೂ ಕೇಳಿರಲಿಲ್ಲವಂತೆ. ಈಗ ಮನೆಗೆ ಬಂದ ನಿನ್ನ ಅತ್ತೆ, ನಾಲತವಾಡಕ್ಕೆ ತಾನೇ ಬಂದು ನಿನಗೂ ಹೇಳುತ್ತೇನೆ ಎನ್ನುತ್ತಿದ್ದಾಳೆ. ರವಿವಾರ ಬರುತ್ತೇವೆ. ನಮ್ಮ ಜೊತೆ ಬರುವುದು ಬಿಡುವುದು ನಿನಗೆ ಸೇರಿದ್ದು, ಒಲ್ಲೆ ಎಂದರೆ ಹಾಗೆಯೇ ತಿರುಗಿ ಬರುತ್ತೇವೆ. ಅವಳನ್ನು ಮಾತ್ರ ಅಂಗಳದಲ್ಲಿ ನಿಲ್ಲಿಸಬೇಡ ತಂಗಿ, ಒಳಗೆ ಕರೆ.