ನಿಮ್ಮ ಜೀಪಿಗೊಂದು ಮೆಟ್ಟಿಲು

ರೀ,

ನೀವು ತೀರಿಕೊಂಡ ಮೇಲೆ ಬಜಾಜ್ ನಗರದ ಮನೆಯ ಅಂಗಳದಲ್ಲಿ ಸುಮ್ಮನೆ ನಿಂತಿದ್ದ ನಿಮ್ಮ ಜೀಪನ್ನು ನಾನೇ ಸಜ್ಜು ಮಾಡಿದೆ. ಡ್ರೈವಿಂಗ್ ಕಲಿತೆ, ಬ್ರೇಕ್ ಶೂ ಬದಲಿಸಿದೆ. ಹತ್ತಲು ಎತ್ತರವಾಗುತ್ತಿತ್ತೆಂದು ಕಬ್ಬಿಣದ ಪಟ್ಟಿ ಕೊಯ್ದು, ತೂತು ಕೊರೆದು, ಬಾಗಿಲ ಕೆಳಗೆ ಒಂದು ಮೆಟ್ಟಿಲನ್ನೂ ಬೋಲ್ಟ್ ಹಾಕಿ ಬಿಗಿದೆ.

ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ಪಕ್ಕದ ಮನೆಯ ಹಣಮಂತಪ್ಪ ಅದರ ಮೇಲೆ ನಿಂತು ನೋಡಿದರು. "ಬರೋಬರ್ ಕುಂತೈತಿ. ಯಾವ ಮಿಸ್ತ್ರಿ ಮಾಡಿದ್ದು, ವೈನಿ?"

"ನಾನೇ ಮಾಡೀನ್ರಿ," ಅಂದೆ.

ಇವತ್ತು ಬೆಳಿಗ್ಗೆ ಮೌದಾ ದಾರಿಯ ಆಚೆ, ನೀವು ಹೇಳುತ್ತಿದ್ದ ಕಲ್ಲುದಿಬ್ಬಕ್ಕೆ ಜೀಪನ್ನು ಒಂದೇ ಸಲಕ್ಕೆ ಹತ್ತಿಸಿದೆ. ಮೇಲೆ ನಿಂತು ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಪ್ರತಿ ಭಾನುವಾರ ನೀವು ಜೀಪಿನಲ್ಲಿ ಬಾ ಎಂದು ಕರೆದಾಗ ಮಂಡಿನೋವು ಅನ್ನುತ್ತಿದ್ದೆನಲ್ಲ, ಆಗ ನನ್ನ ಮಂಡಿಗೆ ಏನೂ ಆಗಿರಲಿಲ್ಲ.

ಕಲಾವತಿ