ಕಾಟ್ಲಾ ಮೀನಿನ ತಾಮ್ರ

ಮೂಡುಬಿದಿರೆ
೧೪-೧೦-೧೯೬೬

ಪ್ರೀತಿಯ ತಮ್ಮ ಶೀನಪ್ಪಾ,

ನಿನ್ನ ಕೆಮ್ಮು ಹೇಗುಂಟು? ಹೋಟೆಲಿನ ಒಲೆಯ ಮುಂದೆ ನಿಂತು ಕಷಾಯ ಕುಡಿದರೆ ಅದು ಗುಣವಾಗದು, ಡಾಕ್ಟರರಿಗೆ ತೋರಿಸು. ಇಲ್ಲಿ ನಾವೆಲ್ಲ ಸೌಖ್ಯ. ಮಡಂತ್ಯಾರಿನ ನಮ್ಮ ಕೆರೆಯ ಮೀನುಗಳೂ ಸೌಖ್ಯ. ಕೆರೆಯ ಕಟ್ಟೆ ಕಡಿದು ಅವನ್ನೆಲ್ಲ ಹೂಳಬೇಕು, ನೆರೆಮನೆಯ ಮೊಯಿದಿನಬ್ಬನವರ ಮೇಲೆ ದಾವೆ ಹೂಡಬೇಕು ಎಂದು ನೀನು ಬರೆದ ಕಾಗದವನ್ನು ಆದ್ದರಿಂದಲೇ ಯಾರಿಗೂ ತೋರಿಸಿಲ್ಲ.

ಸಾಕಿದ ಮೀನಿನಲ್ಲಿ ಲೋಹ ಸೇರುತ್ತದಂತೆ, ಪರೀಕ್ಷಿಸು ಎಂದವನು ನೀನೇ. ಅಮ್ಮ ಬಸ್ಸಿನಲ್ಲಿ ಒಂದು ಕಾಟ್ಲಾ ಕಳಿಸಿದಳು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದನ್ನು ಸುಟ್ಟು ಬೂದಿ ಮಾಡಿ, ಆಮ್ಲದಲ್ಲಿ ಕರಗಿಸಿ, ಬಣ್ಣ ಬರಿಸಿ ಅಳೆದೆ. ಬಣ್ಣ ಗಾಢವಾದಷ್ಟೂ ತಾಮ್ರ ಹೆಚ್ಚು. ಅದಂತೂ ಚಹಾದಷ್ಟು ಗಾಢವಾಗಿತ್ತು. "ಮೀನು ಕರಟಿಸ್ಲಿಕ್ಕೆ ಎಂ.ಎಸ್ಸಿ. ಓದ್ಬೇಕಾ?" ಎಂದು ನಕ್ಕಿದ್ದ ಅಮ್ಮ, ಫಲಿತಾಂಶ ಕೇಳಿದ್ದೇ ಬೇಲಿಯ ಹತ್ತಿರ ಹೋಗಿ, ಅಡಿಕೆಗೆ ಬಿಟ್ಟ ತಾಮ್ರದ ಮದ್ದು ಮೈಲುತುತ್ತಿನ ನೀರನ್ನು ನಮ್ಮ ಕೆರೆಗೆ ಹರಿಸಿದ್ದೀರಿ ಎಂದು ಮೊಯಿದಿನಬ್ಬನವರ ಹೆಂಡತಿ ಅವ್ವಮ್ಮನನ್ನು ತರಾಟೆಗೆ ತೆಗೆದುಕೊಂಡಳು. "ನಿಮ್ಮ ಮೀನಿಗೆ ವಿಷ ಹಾಕ್ಲಿಕ್ಕೆ ನಮ್ಗೆ ಬೇರೆ ಕೆಲ್ಸ ಇಲ್ವಾ ಸೇಸಕ್ಕ?" ಎಂದು ಅವ್ವಮ್ಮ ಒಳಗೆ ಹೋದವಳು ಮತ್ತೆ ಬೇಲಿಯ ಕಡೆ ಬರಲಿಲ್ಲ. ಸಂಜೆ ಎಲೆಯಡಿಕೆಗೆ ಜೊತೆಯಿಲ್ಲದೆ ಅಮ್ಮನಿಗೆ ಊಟವೂ ಸೇರುತ್ತಿರಲಿಲ್ಲ.

ನನಗೆ ಸಮಾಧಾನವಾಗದೆ ಭಾನುವಾರ ಊರಿಗೆ ಹೋಗಿ ಇನ್ನೊಂದು ಮೀನು ಹಿಡಿಸಿ, ಗಾಜಿನ ಭರಣಿಯಲ್ಲಿ ತಂದು ಅಳೆದೆ. ಬಣ್ಣ ಮೂಡಿದೆಯೋ ಇಲ್ಲವೋ ಎಂದು ಕಿಟಕಿಗೆ ಹಿಡಿದು ನೋಡಬೇಕಾಯಿತು. ಒಂದೇ ಕೆರೆ, ಒಂದೇ ಜಾತಿಯ ಮೀನು. ಮತ್ತೆ ಹೋಗಿ, ಮೊದಲನೆಯದನ್ನು ಹೇಗೆ ಕಳಿಸಿದೆ ಎಂದು ಅಮ್ಮನನ್ನೇ ಕೇಳಿದೆ.

"ಕಾಲೇಜಿನವರು ನೋಡುವ ಮೀನು, ಬಸ್ಸಿನಲ್ಲಿ ನಾರಿದ್ರೆ ನಮ್ಗೆ ಮರ್ಯಾದೆ ಉಂಟಾ?" ಎಂದಳು. ಉಪ್ಪು, ಪುನರ್ಪುಳಿ ಹಣ್ಣಿನ ಹುಳಿ ರಸ ಸವರಿ ಇಡೀ ರಾತ್ರಿ ಇಟ್ಟು, ಬೆಳಿಗ್ಗೆ ಚೆನ್ನಾಗಿ ತೊಳೆದು ಬಾಳೆಲೆಯಲ್ಲಿ ಕಟ್ಟಿದ್ದಳಂತೆ. ಇಟ್ಟದ್ದು ಅಜ್ಜಿಯ ಕಲಾಯಿ ಹೋದ ದೊಡ್ಡ ತಾಮ್ರದ ಚೆಂಬಿನಲ್ಲಿ! ಹುಳಿ ತಾಮ್ರವನ್ನು ಬಿಟ್ಟೀತೇ? ನಾನು ಅಳೆದದ್ದು ಕೆರೆಯನ್ನಲ್ಲ, ಅಜ್ಜಿಯ ಚೆಂಬನ್ನು.

ಆರೋಗ್ಯ ನೋಡಿಕೋ. ದೇವರು ನಿನ್ನನ್ನೂ ನಿನ್ನ ಹೋಟೆಲನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಜಲಜಾಕ್ಷಿ

ತಾ.ಕ.: ಅಂಚೆಯ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ಅಮ್ಮ ನಿನ್ನೆ ಅವ್ವಮ್ಮನ ಮನೆಗೆ ಹೋಗಿ ರಾಜಿಯಾಗಿ ಬಂದಳು. ಚೆಂಬಿನ ತಪ್ಪು ತನ್ನದೆಂದು ಮಾತ್ರ ಒಪ್ಪಲಿಲ್ಲ. ಮೀನನ್ನು ಹುಳಿ ಹಾಕಿ ತಾಮ್ರದ ಪಾತ್ರೆಯಲ್ಲಿಡು ಎಂದು ಮುಂಬೈಯಿಂದ ಬರೆದವನು ನೀನು ಎಂದು ಹೇಳಿದ್ದಾಳೆ. "ಆ ಶೀನ ಊರಿಗೆ ಬರ್ಲಿ, ನಾನು ಮಾತಾಡ್ತೇನೆ" ಎಂದು ಅವ್ವಮ್ಮ ಕಾಯುತ್ತಿದ್ದಾಳೆ. ಬಂದವನು ಮೊದಲು ಅವರ ಮನೆಗೇ ಹೋಗು. ಏನು ಬೈದರೂ ಹೌದು ಎನ್ನು.